ವೀಣೆಯ ದನಿಯೂ ಡಬ್ಬಿಯ ದನಿಯೂ

ಸಂಗೀತ ಕಛೇರಿಯ ವಿಮರ್ಶೆ ಎಂದೊಡನೆ ಒಂದು ಸಿದ್ಧ ಮಾದರಿ ಕಣ್ಣಮುಂದೆ ಬರುತ್ತದೆ. ವಿದ್ವಾಂಸರು ವರ್ಣದೊಡನೆ ಆರಂಭಿಸಿದರು. ಕಲ್ಯಾಣಿಯ ಆಲಾಪನೆ ವಿಸ್ತಾರವಾಗಿ ಮೂಡಿಬಂತು. ತನಿ ಆವರ್ತನ ಸಭಿಕರ ಕರತಾಡನ ಗಳಿಸಿತು. ಕೊನೆಗೆ ಕಾರ್ಯದರ್ಶಿಗಳು ವಂದನಾರ್ಪಣೆ ಮಾಡಿದರು. ಇಷ್ಟು ಬರೆದರೆ ವಿಮರ್ಶಕನ ಕೆಲಸ ಮುಗಿಯಿತು. ಆದರೆ ಆ ಕಲ್ಯಾಣಿ ನಮ್ಮ ಕಿವಿಯನ್ನು ಮುಟ್ಟಿದ್ದು ಯಾವ ದನಿಯಲ್ಲಿ? ವೀಣೆಯ ದನಿಯಲ್ಲೋ, ವೇದಿಕೆಯ ಎರಡು ಮಗ್ಗುಲಲ್ಲಿ ನಿಲ್ಲಿಸಿದ ಕರಿಯ ಡಬ್ಬಿಗಳ ದನಿಯಲ್ಲೋ? ಈ ಪ್ರಶ್ನೆಯನ್ನು ಎತ್ತುವವರು ವಿರಳ. ಮೈಕು, ಪಿಕಪ್ಪು, ವೈರು, ಪ್ಲಗ್ಗು ಇವೆಲ್ಲ ಶಾಮಿಯಾನದವನ ಖಾತೆಗೆ ಸೇರಿದ ಸಂಗತಿಗಳು, ಸಂಗೀತಕ್ಕೆ ಸಂಬಂಧಪಟ್ಟವಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅವು ಸಂಗೀತಕ್ಕೇ ಸೇರಿದವು, ಅವುಗಳ ಗುಣದೋಷಗಳನ್ನು ರಾಗತಾಳಗಳ ಗುಣದೋಷಗಳಷ್ಟೇ ಗಂಭೀರವಾಗಿ ವಿವೇಚಿಸಬೇಕು ಎಂದು ಹೇಳುವುದಕ್ಕಾಗಿಯೇ ಈ ಬರಹ.

ಇಲ್ಲಿ ನಾವು ಮುಖ್ಯವಾಗಿ ವೀಣೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇವೆ. ಇದಕ್ಕೆ ಕಾರಣಗಳು ಎರಡು. ಮೊದಲನೆಯದಾಗಿ, ಅದು ನಮ್ಮ ನಾಡು ಹೆಮ್ಮೆಯಿಂದ ಬೆಳೆಸಿದ ವಾದ್ಯ. ವೀಣೆ ಶೇಷಣ್ಣನವರಿಂದ (1852–1926) ವೆಂಕಟಗಿರಿಯಪ್ಪನವರಿಗೆ, ಅವರಿಂದ ವಿ. ದೊರೆಸ್ವಾಮಿ ಅಯ್ಯಂಗಾರ್ಯರಿಗೆ (1920–1997) ಇಳಿದುಬಂದ ಮೈಸೂರು ಬಾನಿ, ಕನ್ನಡಿಗರು ಎಲ್ಲಿಗೆ ಹೋದರೂ ಜೊತೆಯಲ್ಲಿ ಕೊಂಡೊಯ್ಯಬಹುದಾದ ಆಸ್ತಿ. ಎರಡನೆಯದಾಗಿ, ಇಂದಿನ ಕಛೇರಿ ವೇದಿಕೆಯ ಮೇಲೆ ಕುಳಿತುಕೊಳ್ಳುವ ವಾದ್ಯಗಳಲ್ಲಿ ವೀಣೆಯದು ಬಹು ಮೆಲುದನಿ. ಆದ್ದರಿಂದ ಧ್ವನಿವರ್ಧಕದ ಉಪಕಾರವೂ ಅಪಕಾರವೂ ಅದರಲ್ಲಿ ಎದ್ದು ಕಾಣುವಂತೆ ಬೇರೆ ವಾದ್ಯದಲ್ಲಿ ಕಾಣುವುದಿಲ್ಲ.

ವೀಣೆ ಎಂದರೆ ಏಳು ತಂತಿಗಳು ಮಾತ್ರವಲ್ಲವಷ್ಟೆ. ತಂತಿಯ ಅಲುಗಾಟ ಕುದುರೆಯ ಮೂಲಕ ಮೇಲುಹಲಗೆಗೆ ಇಳಿಯುತ್ತದೆ. ಹಲಗೆಯಿಂದ ಕೊಡದೊಳಗಿನ ಗಾಳಿಗೂ ದಂಡಿಗೂ ಹರಡುತ್ತದೆ. ಇವೆಲ್ಲ ಸೇರಿ ಉಸಿರಾಡಿದಾಗ ಹೊರಡುವುದೇ ವೀಣೆಯ ನಾದ. ಕುದುರೆಯ ಮೇಲಿರುವ ಲೋಹದ ಪಟ್ಟಿಯ ತುಸು ಬಾಗಿದ ಮೈಯನ್ನು ತಂತಿ ಸವರುತ್ತ ಕಂಪಿಸುವುದರಲ್ಲಿ ದೊಡ್ಡ ಗುಟ್ಟೇ ಅಡಗಿದೆ. ಸರ್ ಸಿ. ವಿ. ರಾಮನ್ನರು ಬೆಂಗಳೂರಿಗೆ ಬರುವುದಕ್ಕೆ ಮುನ್ನ, ಕಲ್ಕತ್ತೆಯಲ್ಲಿದ್ದಾಗ, 1920ರ ದಶಕದ ಆದಿಯಲ್ಲಿ ವೀಣೆಯನ್ನೂ ತಂಬೂರಿಯನ್ನೂ ಪರೀಕ್ಷಿಸಿದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಬಾರದೆಂಬುದು ಪಾಶ್ಚಾತ್ಯ ಶಾಸ್ತ್ರದ ನಿಯಮ. ನಮ್ಮ ಈ ಎರಡು ವಾದ್ಯಗಳಲ್ಲಿ ಅಂಥ ಉಪಸ್ವರಗಳೂ ಢಾಳಾಗಿ ಕೇಳಿಸುತ್ತವೆ, ಇದಕ್ಕೆ ಕುದುರೆಯ ವಿಶಿಷ್ಟ ರಚನೆಯೇ ಕಾರಣ ಎಂದು ಅವರು ತೋರಿಸಿಕೊಟ್ಟರು. ನಮ್ಮ ಬಡಗಿಗಳು ಶಾಸ್ತ್ರಗ್ರಂಥದ ನೆರವಿಲ್ಲದೆ, ಕಿವಿಯನ್ನೇ ನೆಚ್ಚಿ ಕಂಡುಕೊಂಡ ಸೂಕ್ಷ್ಮವಿದು. ಈ ಸೂಕ್ಷ್ಮವು ಕೊನೆಯ ಸಾಲಿನ ಸಭಿಕನನ್ನು ತಲುಪುತ್ತದೆಯೇ ಎಂಬುದೇ ನಮ್ಮ ವಿಚಾರಣೆಯ ವಿಷಯ.

ಮೈಸೂರು ಬಾನಿಯ ಮಟ್ಟಿಗೆ ಈ ಪ್ರಶ್ನೆ ಇನ್ನೂ ಹರಿತವಾದದ್ದು. ಈ ಸಂಪ್ರದಾಯದಲ್ಲಿ ಮೀಟಿಗೆ ವಿಶೇಷವಾದ ಸ್ಥಾನ. ಒಂದೊಂದು ಮೀಟೂ ಬಿಡಿಬಿಡಿಯಾಗಿ, ತೂಕ ಮಾಡಿ ಇಟ್ಟಂತೆ ಬೀಳಬೇಕು; ಬಿದ್ದ ಮೇಲೆ ಸ್ವರ ತಾನಾಗಿ ಕ್ಷೀಣಿಸುತ್ತ ಹೋಗಬೇಕು; ಆ ಕ್ಷೀಣಿಸುವಿಕೆಯೊಳಗೇ ಮುಂದಿನ ಸ್ವರ ಅರಳಬೇಕು. ದೊರೆಸ್ವಾಮಿ ಅಯ್ಯಂಗಾರ್ಯರ ಧ್ವನಿಮುದ್ರಣಗಳನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಅವರ ತಾನದಲ್ಲಿ ಮೀಟಿನ ಬಲ ಎಷ್ಟು ಮುಖ್ಯವೋ, ಮೀಟುಮೀಟುಗಳ ನಡುವಿನ ಮೌನವೂ ಅಷ್ಟೇ ಮುಖ್ಯ. ಮೆಲ್ಲಗಿನದು ಮೆಲ್ಲಗೆ, ಬಲವಾದದ್ದು ಬಲವಾಗಿ ಕೇಳಿಸಿದರೆ ಮಾತ್ರ ಈ ಬಾನಿಗೆ ಅರ್ಥ. ಎರಡೂ ಒಂದೇ ಮಟ್ಟದಲ್ಲಿ ಗಟ್ಟಿಯಾಗಿ ಕೇಳಿಸಿದರೆ ಉಳಿಯುವುದು ಸ್ವರಗಳ ಪಟ್ಟಿ ಮಾತ್ರ.

ಹಾಗಾದರೆ ಧ್ವನಿವರ್ಧಕವೇ ಬೇಡವೆನ್ನೋಣವೆ? ಅಷ್ಟು ಸುಲಭವಾಗಿ ತೀರ್ಪು ಕೊಡಲಾಗದು. ಹಿಂದಿನ ಸಾಲಿಗೆ ಕೇಳಿಸಬೇಕೆಂಬ ಹಂಬಲ ಮೈಕಿಗಿಂತ ಹಳೆಯದು. ರಾಜಾಸ್ಥಾನದ ಅಂಬಾವಿಲಾಸದಿಂದ ಸಂಗೀತ ರಾಮೋತ್ಸವದ ಚಪ್ಪರಕ್ಕೆ ಇಳಿದುಬಂದಾಗಲೇ ಈ ಸಮಸ್ಯೆ ಹುಟ್ಟಿತು. ಇದಕ್ಕೆ ಮೈಸೂರಿನವರೇ ಆದ ಪಿಟೀಲು ಟಿ. ಚೌಡಯ್ಯನವರು (1895–1967) ಕೊಟ್ಟ ಉತ್ತರ ಲೋಕವಿಖ್ಯಾತವಾದದ್ದು. ನಾಲ್ಕು ತಂತಿಗಳ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಗಳ ಪಿಟೀಲನ್ನು ಅವರು ಬಳಕೆಗೆ ತಂದರು. ಮೈಕಿಲ್ಲದ ದೊಡ್ಡ ಸಭೆಗಳಲ್ಲಿ ತಮ್ಮ ನಾದ ದೂರದವರಿಗೂ ಮುಟ್ಟಬೇಕೆಂಬುದು ಅವರ ಉದ್ದೇಶವಾಗಿತ್ತು. ಕಮಾನಿನಡಿಯಲ್ಲಿ ಜೋಡಿ ತಂತಿಗಳನ್ನು ಶ್ರುತಿಶುದ್ಧವಾಗಿ ನಿಭಾಯಿಸುವುದು ಸಾಮಾನ್ಯರಿಗೆ ಎಟುಕುವ ಕೆಲಸವಲ್ಲ. 1980ರಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನವನ್ನು ನೋಡಿದಾಗಲೆಲ್ಲ ಈ ಸಾಹಸ ನೆನಪಿಗೆ ಬರುತ್ತದೆ. ಪಶ್ಚಿಮದಲ್ಲಿ ಇದಕ್ಕೆ ಮುನ್ನವೇ, 1899ರಲ್ಲಿ, ಸ್ಟ್ರೋ ಎಂಬವರು ಪಿಟೀಲಿನ ಮರದ ಪೆಟ್ಟಿಗೆಯನ್ನು ತೆಗೆದುಹಾಕಿ ಲೋಹದ ಕಹಳೆಯನ್ನು ಜೋಡಿಸುವ ಹಕ್ಕುಪತ್ರ ಪಡೆದಿದ್ದರು. ಅದರ ಸದ್ದು ದೊಡ್ಡದಾಯಿತು. ಆದರೆ ಅದು ಪಿಟೀಲಿನ ಸದ್ದಾಗಿ ಉಳಿಯಲಿಲ್ಲ. ಚೌಡಯ್ಯನವರ ಉತ್ತರ ಒಂದು ದಾರಿ, ಸ್ಟ್ರೋ ಅವರ ಉತ್ತರ ಇನ್ನೊಂದು ದಾರಿ. ವಾದ್ಯದ ಸ್ವಂತ ದನಿಯನ್ನೇ ಬೆಳೆಸುವುದು ಮೊದಲನೆಯದು. ಅದರ ದನಿಯನ್ನು ಕಳೆದು ಬೇರೊಂದು ದನಿಯನ್ನು ದೊಡ್ಡದಾಗಿ ಹೊರಡಿಸುವುದು ಎರಡನೆಯದು. ಇಂದಿನ ಪಿಕಪ್ಪುಗಳನ್ನು ತೂಗಿ ನೋಡಲು ಈ ಎರಡು ದಾರಿಗಳೇ ನಮಗೆ ತಕ್ಕಡಿ.

1930ರ ದಶಕದಲ್ಲಿ ಮೈಕು ನಮ್ಮ ಕಛೇರಿಗಳಿಗೆ ಕಾಲಿಟ್ಟಿತು. 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದರು; ಮುಂದೆ ದೇಶದ ಬಾನುಲಿಗೇ ಒದಗಿದ ‘ಆಕಾಶವಾಣಿ’ ಎಂಬ ಹೆಸರು ಮೊದಲು ಈ ಕೇಂದ್ರದ್ದು. ಬಾನುಲಿಯು ವೀಣೆಗೆ ಮಾಡಿದ ಉಪಕಾರ ಸಣ್ಣದಲ್ಲ. ನಿಶ್ಶಬ್ದವಾದ ಕೋಣೆಯಲ್ಲಿ, ವಾದ್ಯದಿಂದ ಒಂದು ಗೇಣೋ ಎರಡು ಗೇಣೋ ಅಂತರದಲ್ಲಿ ಮೈಕನ್ನು ಇಟ್ಟಾಗ, ಅರಮನೆಯ ಜನ ಮಾತ್ರ ಕೇಳುತ್ತಿದ್ದ ಮೆಲುದನಿ ಹಳ್ಳಿಯ ಪಂಚಾಯಿತಿ ಕಟ್ಟೆಗೂ ಬಂತು. ದೊರೆಸ್ವಾಮಿ ಅಯ್ಯಂಗಾರ್ಯರು ಬೆಂಗಳೂರು ಆಕಾಶವಾಣಿಯಲ್ಲಿ ಹಲವು ವರ್ಷ ಸೇವೆ ಸಲ್ಲಿಸಿದವರು. ಮೈಸೂರು ಬಾನಿ ನಾಡಿನ ಮನೆಮನೆಗೆ ಪರಿಚಯವಾದದ್ದರಲ್ಲಿ ಆ ಪೆಟ್ಟಿಗೆಯ ಪಾಲೂ ಉಂಟು. ಮೈಕು ಸಂಗೀತದ ಶತ್ರು ಎಂಬ ವಾದವನ್ನು ನಾವು ಒಪ್ಪುವುದಿಲ್ಲ. ಆದರೆ ಬಾನುಲಿಯ ಮೈಕು ವಾದ್ಯದ ಎದುರಿಗೆ ನಿಂತು, ಅದರ ಮೈಯೆಲ್ಲದರಿಂದ ಹೊರಟ ದನಿ ಗಾಳಿಯಲ್ಲಿ ಬೆರೆತ ಮೇಲೆ ಅದನ್ನು ಕೇಳಿಸಿಕೊಳ್ಳುತ್ತಿತ್ತು. ಕಛೇರಿಯ ವೇದಿಕೆಯ ಮೇಲೆ ಇದು ನಡೆಯಲಿಲ್ಲ. ಅಲ್ಲಿ ಮೃದಂಗವೂ ಘಟವೂ ಪಕ್ಕದಲ್ಲೇ ಇವೆ. ವೀಣೆಯ ಮೈಕಿಗೆ ಅವೂ ನುಗ್ಗುತ್ತವೆ. ಮೈಕಿನ ಬಲವನ್ನು ಹೆಚ್ಚಿಸಿದರೆ ಡಬ್ಬಿಯಿಂದ ಹೊರಟ ಸದ್ದು ಮತ್ತೆ ಮೈಕನ್ನೇ ಹೊಕ್ಕು ‘ಕುಂಯ್’ ಎಂದು ಊಳಿಡುತ್ತದೆ. ಈ ಕಷ್ಟಕ್ಕೆ ಪರಿಹಾರವೆಂದು ಬಂದದ್ದೇ ವಾದ್ಯದ ಮೈಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕು.

ಇಂದು ಬಳಕೆಯಲ್ಲಿರುವ ಈ ಸಣ್ಣ ಉಪಕರಣಗಳು ಸ್ಥೂಲವಾಗಿ ಮೂರು ಬಗೆ. ಮೊದಲನೆಯದು, ಅಂಗಿಯ ಗುಂಡಿಯಷ್ಟಿರುವ ಸ್ಫಟಿಕ ಅಥವಾ ಪಿಂಗಾಣಿ ಜಾತಿಯ ಬಿಲ್ಲೆ. ಒತ್ತಡ ಬಿದ್ದಾಗ ಕೆಲವು ಸ್ಫಟಿಕಗಳಲ್ಲಿ ವಿದ್ಯುತ್ತು ಹುಟ್ಟುತ್ತದೆಂದು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದ ತತ್ತ್ವವೇ ಇದಕ್ಕೆ ಆಧಾರ. ಕುದುರೆಯ ಬಳಿ ಮೇಲುಹಲಗೆಗೆ ಮೇಣದಿಂದಲೋ ಟೇಪಿನಿಂದಲೋ ಅಂಟಿಸಿದರೆ ಹಲಗೆಯ ನಡುಕವನ್ನು ವಿದ್ಯುತ್ತಾಗಿ ಬದಲಾಯಿಸುತ್ತದೆ. ಎರಡನೆಯದು, ವಿದ್ಯುತ್ ಗಿಟಾರಿನಲ್ಲಿರುವಂಥ ಅಯಸ್ಕಾಂತದ ಪಿಕಪ್ಪು. ಇದಕ್ಕೆ ಉಕ್ಕಿನ ತಂತಿ ಬೇಕು. ವೀಣೆಯ ಸಾರಣಿ, ಪಂಚಮಗಳು ಉಕ್ಕಿನವಾದರೂ ಮಂದ್ರ, ಅನುಮಂದ್ರಗಳಿಗೆ ಹಿತ್ತಾಳೆಯ ತಂತಿ ಹಾಕುವುದು ಹಿಂದಿನಿಂದ ಬಂದ ಪದ್ಧತಿ. ಅಂಥ ತಂತಿಯನ್ನು ಅಯಸ್ಕಾಂತ ಗಮನಿಸುವುದೇ ಇಲ್ಲವೆನ್ನಬಹುದು. ಮೂರನೆಯದು, 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ಎಂಬ ವಿಜ್ಞಾನಿಗಳು ರೂಪಿಸಿದ ಎಲೆಕ್ಟ್ರೆಟ್ ಮೈಕಿನ ಸಂತತಿ. ಕಡಲೆಕಾಳಿನಷ್ಟು ಚಿಕ್ಕದಾದ ಇದನ್ನು ಬಾಗುವ ಕಡ್ಡಿಯ ತುದಿಗೆ ಸಿಕ್ಕಿಸಿ ವಾದ್ಯದ ಮೈಗೆ ಹತ್ತಿರ ನಿಲ್ಲಿಸಬಹುದು. ಇದು ಮರವನ್ನು ಮುಟ್ಟುವುದಿಲ್ಲ, ಗಾಳಿಯಲ್ಲಿ ಬಂದ ದನಿಯನ್ನೇ ಕೇಳುತ್ತದೆ.

ಅಂಟಿಸಿದ ಬಿಲ್ಲೆಯು ಕೇಳುವುದು ತಾನು ಕುಳಿತ ಅಂಗೈಯಗಲದ ಜಾಗವನ್ನು ಮಾತ್ರ. ಕೊಡದೊಳಗಿನ ಗಾಳಿ ಏನು ಹೇಳಿತು, ದಂಡಿ ಏನು ಹೇಳಿತು ಎಂಬುದರ ಅರಿವು ಅದಕ್ಕಿಲ್ಲ. ಬದಲಿಗೆ ಉಗುರು ತಂತಿಯನ್ನು ತಾಕುವ ಟಕ್ಕೆಂಬ ಸದ್ದು, ಬೆರಳು ಮೆಟ್ಟಿಲಿನಿಂದ ಮೆಟ್ಟಿಲಿಗೆ ಜಾರುವ ಕಿರುಗುಟ್ಟುವಿಕೆ, ವಾದಕರ ಬಳೆಯೋ ಉಂಗುರವೋ ಹಲಗೆಗೆ ತಗಲಿದ ಸಪ್ಪಳ, ಇವನ್ನೆಲ್ಲ ನಿಷ್ಠೆಯಿಂದ ಕೇಳಿ ಸಭೆಗೆ ವರದಿ ಮಾಡುತ್ತದೆ. ಮನೆಯ ವಿಚಾರವನ್ನು ಯಜಮಾನನನ್ನು ಕೇಳದೆ ಬಾಗಿಲ ಕಾವಲಿನವನನ್ನು ಕೇಳಿ ತಿಳಿದಂತಾಯಿತು. ಬಿಲ್ಲೆಯನ್ನು ಎರಡು ಬೆರಳಗಲ ಆಚೀಚೆ ಸರಿಸಿದರೆ ದನಿಯೇ ಬೇರೆಯಾಗುವುದನ್ನು ಬಲ್ಲ ವೈಣಿಕರು, ಕಛೇರಿಗೆ ಮುನ್ನ ಅರ್ಧ ಗಂಟೆ ಅದರ ಜಾಗ ಹುಡುಕುವುದಕ್ಕೇ ಮೀಸಲಿಡುತ್ತಾರೆ. ಅಷ್ಟು ಸಮಯವನ್ನು ಎಷ್ಟು ವ್ಯವಸ್ಥಾಪಕರು ಕೊಡುತ್ತಾರೆ?

ಇನ್ನೊಂದು ತಾಂತ್ರಿಕ ಸಂಗತಿಯನ್ನು ಓದುಗರು ತುಸು ತಾಳ್ಮೆಯಿಂದ ಕೇಳಬೇಕು. ಯಾಕೆಂದರೆ ನಮ್ಮ ಸಭೆಗಳಲ್ಲಿ ವೀಣೆಯ ದನಿ ತಗಡಿನಂತೆ ಕೇಳಿಸುವುದರ ಮುಖ್ಯ ಕಾರಣವೊಂದು ಇಲ್ಲಿದೆ. ಈ ಬಿಲ್ಲೆಯಲ್ಲಿ ಹುಟ್ಟುವ ವಿದ್ಯುತ್ತು ಬಹಳ ದುರ್ಬಲ. ಅದನ್ನು ಸ್ವೀಕರಿಸುವ ಪೆಟ್ಟಿಗೆಯ ತಡೆ ಹೆಚ್ಚಾಗಿದ್ದಷ್ಟೂ ಅದು ಕ್ಷೇಮ. ಬಿಲ್ಲೆಯ ಧಾರಣಶಕ್ತಿ 10 ನ್ಯಾನೋಫ್ಯಾರಡ್ ಎಂದು ಇಟ್ಟುಕೊಳ್ಳೋಣ. ಅದನ್ನು 10 ಲಕ್ಷ ಓಮ್ ತಡೆಯುಳ್ಳ ಪೆಟ್ಟಿಗೆಗೆ ಕೊಟ್ಟರೆ ಸುಮಾರು 16 ಹರ್ಟ್ಸ್‌ವರೆಗಿನ ಕೆಳಸ್ವರಗಳೂ ಸುರಕ್ಷಿತವಾಗಿ ದಾಟುತ್ತವೆ. ಅದೇ ಬಿಲ್ಲೆಯನ್ನು 10 ಸಾವಿರ ಓಮ್‌ನ ಸಾಮಾನ್ಯ ಮಿಕ್ಸರಿಗೆ ನೇರವಾಗಿ ಸಿಕ್ಕಿಸಿದರೆ ಸುಮಾರು 1,600 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಸೊರಗತೊಡಗುತ್ತದೆ. ವೀಣೆಯ ಸಾರಣಿಯನ್ನು 165 ಹರ್ಟ್ಸ್ ಷಡ್ಜಕ್ಕೆ ಶ್ರುತಿ ಮಾಡಿದರೆ ಮಂದ್ರ ಷಡ್ಜ ಸುಮಾರು 82, ಅನುಮಂದ್ರ ಪಂಚಮ ಸುಮಾರು 62. ಅಂದರೆ ವಾದ್ಯದ ಮೂಲಸ್ವರಗಳೆಲ್ಲ ಸೊರಗಿ, ಮೇಲಿನ ಉಪಸ್ವರಗಳ ಕಣಕಣ ಸದ್ದೊಂದೇ ಮುಂದೆ ಬರುತ್ತದೆ. ನಡುವೆ ಒಂದು ಚಿಕ್ಕ ಪ್ರೀಆಂಪ್ಲಿಫೈಯರ್ ಇಟ್ಟರೆ ತೀರುವ ತೊಂದರೆಯಿದು. ಅದು ಇಲ್ಲದಿದ್ದಾಗ ಮಿಕ್ಸರಿನ ಮುಂದೆ ಕುಳಿತ ಹುಡುಗ ತಗ್ಗುಸ್ವರದ ತಿರುಪನ್ನು ಪೂರ್ತಿ ತಿರುಗಿಸುತ್ತಾನೆ. ಆಗ ವೀಣೆಯ ತಗ್ಗುಸ್ವರ ಬರುವುದಕ್ಕೆ ಮೊದಲು ನಮ್ಮ ಊರಿನ ಕರೆಂಟಿನ ಗುಂಯ್‌ಗುಟ್ಟುವಿಕೆ ಬರುತ್ತದೆ. ಅದರ ಮೂಲ 50 ಹರ್ಟ್ಸ್, ಮಡಿಗಳು 100, 150. ಅನುಮಂದ್ರ ಪಂಚಮಕ್ಕೂ ಸಾರಣಿಯ ಷಡ್ಜಕ್ಕೂ ಹತ್ತಿರದಲ್ಲೇ ಕುಳಿತು, ಶ್ರುತಿ ಸೇರದ ಇನ್ನೊಂದು ತಂಬೂರಿಯಂತೆ ಅದು ಕಛೇರಿಯುದ್ದಕ್ಕೂ ಮೊರೆಯುತ್ತದೆ. ಹುಲ್ಲುಹಾಸಿನ ಮೇಲೆ ಶಾಮಿಯಾನ ಹಾಕಿ, ಜನರೇಟರಿನಿಂದ ಕರೆಂಟು ಎಳೆದು, ಅರ್ಥಿಂಗ್ ಮರೆತು ನಡೆಸುವ ಉತ್ಸವಗಳಲ್ಲಿ ಇದನ್ನು ಕೇಳದ ದೆಹಲಿ ಕನ್ನಡಿಗರುಂಟೆ?

ರಾಜಧಾನಿಯ ಸಭಾಂಗಣಗಳ ಅಳತೆಯೂ ಈ ಕಥೆಯಲ್ಲಿ ಒಂದು ಪಾತ್ರ. 1971ರಲ್ಲಿ ಆರಂಭವಾದ ಕಮಾನಿಯಲ್ಲಿ 600ಕ್ಕೂ ಹೆಚ್ಚು ಆಸನಗಳು. 1980ರ ದಶಕದ ಸಿರಿಫೋರ್ಟಿನ ದೊಡ್ಡ ಅಂಗಣದಲ್ಲಿ 1,800ಕ್ಕೂ ಹೆಚ್ಚು. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. 2 ಮೀಟರ್ ದೂರದಲ್ಲಿ ಕುಳಿತವನಿಗೆ ಕೇಳಿಸುವುದಕ್ಕೂ 16 ಮೀಟರ್ ದೂರದವನಿಗೆ ಕೇಳಿಸುವುದಕ್ಕೂ 18 ಡೆಸಿಬೆಲ್ ಅಂತರ. ಮುಚ್ಚಿದ ಸಭಾಂಗಣದ ಗೋಡೆ, ಸೂರುಗಳು ಈ ನಷ್ಟವನ್ನು ತುಸು ತುಂಬಿಕೊಡುತ್ತವೆ, ನಿಜ. ಆದರೆ ಏಸಿಯ ಮೊರೆತವೂ ಮಕ್ಕಳ ಗಲಾಟೆಯೂ ಆ ಲಾಭವನ್ನು ನುಂಗಿಬಿಡುತ್ತವೆ. ಇಂಥಲ್ಲಿ ವಿದ್ಯುತ್ತಿನ ನೆರವಿಲ್ಲದೆ ವೀಣೆಯನ್ನು ನುಡಿಸಿ ಎಂದು ಕಲಾವಿದರಿಗೆ ಹೇಳುವುದು ನ್ಯಾಯವಲ್ಲ.

ನಿಜವಾದ ದೋಷ ಎಲ್ಲಿದೆಯೆಂದರೆ, ನೆರವು ಪೈಪೋಟಿಯಾಗಿ ತಿರುಗಿದಲ್ಲಿ. ಮೃದಂಗಕ್ಕೆ ಚಿಕ್ಕ ಸಭೆಯಲ್ಲಿ ಮೈಕಿನ ಅಗತ್ಯವೇ ಇಲ್ಲ. ಆದರೂ ಅದರ ಎರಡೂ ಮುಖಕ್ಕೆ ಒಂದೊಂದು ಮೈಕು ಇಡುತ್ತಾರೆ. ಮೃದಂಗ ಗುಡುಗಿದೊಡನೆ ವೀಣೆ ಕೇಳಿಸುವುದಿಲ್ಲವೆಂದು ಪಿಕಪ್ಪಿನ ಬಲ ಏರುತ್ತದೆ. ವೀಣೆ ಏರಿದೊಡನೆ ಮೃದಂಗ ವಿದ್ವಾಂಸರು ಕೈಸನ್ನೆಯಿಂದ ‘ಇನ್ನಷ್ಟು’ ಎನ್ನುತ್ತಾರೆ. ಸದ್ದು ಏರಿದಷ್ಟೂ ಸಭಿಕರು ತಮ್ಮತಮ್ಮಲ್ಲಿ ಮಾತಾಡುವ ದನಿಯೂ ಏರುತ್ತದೆ. ಗಟ್ಟಿಯಾಗಿ ಕೇಳಿಸುತ್ತಿರುವುದನ್ನು ಕಿವಿಗೊಟ್ಟು ಕೇಳಬೇಕಾದ ಅಗತ್ಯವಾದರೂ ಏನು? ಅತಿಯಾದರೆ ಅಮೃತವೂ ವಿಷ ಎಂಬ ಗಾದೆಯನ್ನು ಇಲ್ಲಿ ನೆನೆಯದೆ ಗತಿಯಿಲ್ಲ. ಈ ಸರಪಳಿಯ ಮೊದಲ ಕೊಂಡಿ ಪಿಕಪ್ಪಲ್ಲ, ಅನಗತ್ಯವಾದ ತಾಳವಾದ್ಯದ ಮೈಕು ಎಂಬುದು ನಮ್ಮ ಖಚಿತವಾದ ಅಭಿಪ್ರಾಯ. ಪಿಕಪ್ಪನ್ನು ಬೈಯುವವರು ಇದನ್ನು ಮರೆಯುತ್ತಾರೆ.

ಈಗ ಎದುರು ಪಕ್ಷದ ಮಾತನ್ನೂ ಕೇಳಬೇಕು. ಪಿಕಪ್ಪು ಬಂದದ್ದರಿಂದ ವೈಣಿಕರಿಗೆ ಒಂದು ಸ್ವಾತಂತ್ರ್ಯ ದೊರಕಿತು. ಹಿಂದಿನ ಸಾಲಿಗೆ ಮುಟ್ಟಿಸಬೇಕೆಂದು ಉಗುರು ಸವೆಯುವಂತೆ ಮೀಟಬೇಕಾಗಿಲ್ಲ. ಒಂದೇ ಮೀಟಿನಲ್ಲಿ ತಂತಿಯನ್ನು ಎಳೆದು ಮೂರು ನಾಲ್ಕು ಸ್ವರಗಳನ್ನು ಮೂಡಿಸಿದಾಗ, ಗಮಕದ ಬಾಲದ ತುದಿ ಕೂಡ ಕೇಳಿಸುತ್ತದೆ. ಗಾಯನಕ್ಕೆ ಹತ್ತಿರವಾಗಿ ನುಡಿಸುವ ಆಸೆಯುಳ್ಳವರಿಗೆ ಇದು ವರವೇ ಸರಿ. ಯು. ಶ್ರೀನಿವಾಸ್ ಅವರ (1969–2014) ಮ್ಯಾಂಡೊಲಿನ್ ಇದಕ್ಕೆ ಪ್ರಬಲ ಸಾಕ್ಷಿ. ಜೋಡಿತಂತಿಗಳ ಸಾಮಾನ್ಯ ಮ್ಯಾಂಡೊಲಿನ್ನಿನಲ್ಲಿ ಸ್ವರ ಹುಟ್ಟಿದೊಡನೆ ಸಾಯುತ್ತದೆ. ಅದರಲ್ಲಿ ತೋಡಿಯ ಗಾಂಧಾರವನ್ನು ತೂಗಾಡಿಸಲು ಸಾಧ್ಯವೆ? ಅವರು ಒಂಟಿ ತಂತಿಗಳ, ಪಿಕಪ್ಪುಳ್ಳ ವಿದ್ಯುತ್ ಮ್ಯಾಂಡೊಲಿನ್ನನ್ನು ಆರಿಸಿಕೊಂಡದ್ದರಿಂದಲೇ ಆ ವಾದ್ಯ ಕರ್ನಾಟಕ ಸಂಗೀತಕ್ಕೆ ದಕ್ಕಿತು. ಅಲ್ಲಿ ವಿದ್ಯುತ್ತು ವಾದ್ಯದ ಒಂದು ಅಂಗ. ಅದನ್ನು ತೆಗೆದರೆ ವಾದ್ಯವೇ ಇಲ್ಲ.

ಇದೇ ಪ್ರಾಮಾಣಿಕತೆಯನ್ನು ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜನಾರಾಯಣ್ ರೂಪಿಸಿದ ‘ಸುನಾದವಿನೋದಿನಿ’ ಎಂಬ ಡಿಜಿಟಲ್ ವೀಣೆಯಲ್ಲಿಯೂ ಕಾಣಬಹುದು. ನಮ್ಮ ಮನೆಗಳ ದೇವರ ಕೋಣೆಯವರೆಗೂ ಬಂದಿರುವ ವಿದ್ಯುತ್ ತಂಬೂರಿ, ಶ್ರುತಿಪೆಟ್ಟಿಗೆಗಳನ್ನು ತಯಾರಿಸಿದ ಸಂಸ್ಥೆಯೂ ಇದೇ. ಕೊಡದ ಕೆಲಸವನ್ನು ಅದು ಬಹಿರಂಗವಾಗಿಯೇ ವಿದ್ಯುತ್ತಿಗೆ ಒಪ್ಪಿಸಿದೆ. ನಾನು ಹಲಸಿನ ಮರದ ವೀಣೆ ಎಂದು ಅದು ಸೋಗು ಹಾಕುವುದಿಲ್ಲ. ದೆಹಲಿಯ ವಾದ್ಯ ತಯಾರಕರಲ್ಲಿಯೂ ಈ ವಿವೇಕವುಂಟು. 1966ರಲ್ಲಿ ಬೀಟಲ್ಸ್ ತಂಡದವರು ವಾದ್ಯ ಕೊಂಡ ಕನಾಟ್ ಪ್ಲೇಸಿನ ರಿಖಿ ರಾಮ್ ಅವರಲ್ಲಿ ಇಂದು ಸಾಂಪ್ರದಾಯಿಕ ಸಿತಾರವೂ ಸಿಗುತ್ತದೆ, ವಿದ್ಯುತ್ ಸಿತಾರವೂ ಸಿಗುತ್ತದೆ. ಎರಡೂ ಬೇರೆ ಬೇರೆ ವಾದ್ಯಗಳು. ಒಂದರ ದನಿಯನ್ನು ಇನ್ನೊಂದರ ಹೆಸರಿನಲ್ಲಿ ಮಾರುವುದಿಲ್ಲ. ನಮ್ಮ ಆಕ್ಷೇಪಣೆ ಇರುವುದು ಮೂರನೆಯ ಸ್ಥಿತಿಯ ಬಗ್ಗೆ. ಮರ, ಮೇಣ, ಕುದುರೆಗಳ ನೂರಾರು ವರ್ಷಗಳ ಸಂಸ್ಕಾರವುಳ್ಳ ವೀಣೆಯನ್ನು ವೇದಿಕೆಯ ಮೇಲೆ ಇಟ್ಟು, ಅದರ ಅಂಗೈಯಗಲದ ತುಣುಕಿನ ನಡುಕವನ್ನು ಡಬ್ಬಿಯಲ್ಲಿ ಉಬ್ಬಿಸಿ, ‘ಇಗೋ ವೀಣೆ’ ಎಂದು ಸಭೆಗೆ ಕೊಡುವುದು. ಇದು ಸ್ಟ್ರೋ ಅವರ ಕಹಳೆಯ ದಾರಿ. ಕಣ್ಣಿಗೆ ವೀಣೆ, ಕಿವಿಗೆ ಮತ್ತೇನೋ.

ಇದರಿಂದ ಯಾರಿಗೆ ನಷ್ಟ ಎಂದು ಕೇಳಬಹುದು. ಮೈಸೂರು, ಬೆಂಗಳೂರು, ಶಿವಮೊಗ್ಗೆಗಳಲ್ಲಿ ಬೆಳೆದು ಇಲ್ಲಿಗೆ ಬಂದ ಹಿರಿಯರಿಗೆ ಅಷ್ಟೇನೂ ನಷ್ಟವಿಲ್ಲ. ಪಕ್ಕದ ಮನೆಯ ಪಡಸಾಲೆಯಲ್ಲಿ ಅತ್ತೆಯೋ ಅಕ್ಕನೋ ನುಡಿಸುತ್ತಿದ್ದ ವೀಣೆ ಅವರ ಕಿವಿಯಲ್ಲಿದೆ. ಡಬ್ಬಿಯಲ್ಲಿ ಕೊರತೆಯಾದುದನ್ನು ನೆನಪಿನಿಂದ ತುಂಬಿಕೊಳ್ಳುತ್ತಾರೆ. ನಷ್ಟ ಇಲ್ಲಿ ಹುಟ್ಟಿದ ಮಕ್ಕಳಿಗೆ. ದ್ವಾರಕೆಯಲ್ಲೋ ನೋಯ್ಡಾದಲ್ಲೋ ಗುರುಗ್ರಾಮದಲ್ಲೋ ಹತ್ತನೆಯ ಮಹಡಿಯ ಮನೆಯಲ್ಲಿರುವ ಮಗುವಿಗೆ ಪಕ್ಕದ ಮನೆಯ ವೀಣೆ ಎಲ್ಲಿಂದ ಬರಬೇಕು? ವೀಣೆ ಕಲಿಯುವ ಭಾಗ್ಯವಿದ್ದರೂ ಎಷ್ಟೋ ಸಲ ಗುರುಗಳು ಮೈಸೂರಿನಲ್ಲಿ, ಶಿಷ್ಯೆ ಇಲ್ಲಿ. ಪಾಠ ಬರುವುದು ಮೊಬೈಲಿನ ಬೆರಳಗಲದ ಸ್ಪೀಕರಿನಲ್ಲಿ. ಆ ಪಾಠವನ್ನು ನಾವು ಹಳಿಯುವುದಿಲ್ಲ. ಅದಿಲ್ಲದಿದ್ದರೆ ಪಾಠವೇ ಇರುತ್ತಿರಲಿಲ್ಲ. ಆದರೆ ದೊಡ್ಡ ವಿದ್ವಾಂಸರ ಕೈಯಲ್ಲಿ ವೀಣೆ ನಿಜವಾಗಿ ಹೇಗೆ ಉಸಿರಾಡುತ್ತದೆಂದು ಆ ಮಗು ತಿಳಿಯಬೇಕಾದ ಒಂದೇ ಸ್ಥಳವೆಂದರೆ ಸಂಘದ ಕಛೇರಿ. ಅಲ್ಲಿಯೂ ಡಬ್ಬಿಯ ದನಿಯನ್ನೇ ಕೇಳಿಸಿದರೆ, ಆ ಮಗು ನಾಳೆ ತನ್ನ ವೀಣೆಯನ್ನು ಡಬ್ಬಿಯ ದನಿಗೆ ಹೊಂದಿಸಿಕೊಳ್ಳುತ್ತದೆ. ಮೀಟಿನ ಬಲಾಬಲವನ್ನು ಬಿಟ್ಟು ತಿರುಪನ್ನು ನಂಬುತ್ತದೆ. ಬಾನಿಯೊಂದು ಅಳಿಯುವುದು ನುಡಿಸುವವರ ಕೈಯಲ್ಲಿ ಎಂದು ನಾವು ತಿಳಿದಿದ್ದೇವೆ. ಅದಕ್ಕೂ ಮೊದಲು ಅದು ಕೇಳುವವರ ಕಿವಿಯಲ್ಲಿ ಅಳಿಯುತ್ತದೆ.

ಬರಿಯ ದೋಷಾರೋಪಣೆ ಮಾಡಿ ಕೈತೊಳೆದುಕೊಳ್ಳುವುದು ನಮಗೆ ಇಷ್ಟವಿಲ್ಲ. ನಮ್ಮ ಸಂಘಗಳ ಕಾರ್ಯಕಾರಿ ಸಮಿತಿಗಳಿಗೆ ಕೆಲವು ಸೂಚನೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇವೆ. ತಂತಿವಾದ್ಯದ ಕಛೇರಿಯಿದ್ದ ದಿನ ಮಧ್ಯಾಹ್ನವೇ ಕಲಾವಿದರಿಗೆ ಒಂದು ಗಂಟೆ ವೇದಿಕೆಯನ್ನು ಬಿಟ್ಟುಕೊಡಿ. ಕಾರ್ಯದರ್ಶಿಗಳ ‘ಹಲೋ, ಮೈಕ್ ಟೆಸ್ಟಿಂಗ್’ ಅದಕ್ಕೆ ಬದಲಿಯಾಗದು. ಪಿಕಪ್ಪು ಇರಲಿ, ಅದರ ಜೊತೆಗೆ ವಾದ್ಯದ ಎದುರು ಒಂದು ಚಿಕ್ಕ ಮೈಕೂ ಇರಲಿ. ಮೈಕಿನಿಂದ ಮರದ ದನಿಯನ್ನು ತೆಗೆದುಕೊಂಡು, ಕೊರತೆಯಾದಷ್ಟನ್ನು ಮಾತ್ರ ಪಿಕಪ್ಪಿನಿಂದ ತುಂಬಿಕೊಳ್ಳಲಿ. ಬಿಲ್ಲೆಗೂ ಮಿಕ್ಸರಿಗೂ ನಡುವೆ ತಕ್ಕ ಪ್ರೀಆಂಪ್ಲಿಫೈಯರ್ ಉಂಟೇ ಎಂದು ಮೊದಲೇ ವಿಚಾರಿಸಿ. ನೂರು ನೂರೈವತ್ತು ಜನರ ಸಭೆಯಲ್ಲಿ ಮೃದಂಗದ ಮೈಕನ್ನು ತೆಗೆದಿಡಿ. ಸಂಗೀತ ಬಲ್ಲ ಸದಸ್ಯರೊಬ್ಬರನ್ನು ಮಿಕ್ಸರಿನ ಪಕ್ಕದಲ್ಲಿ ಕೂರಿಸಿ. ಮುಂದಿನ ಸಾಲಿನ ಸೋಫಾದಲ್ಲಿ ಅವರಿಗೆ ಕೆಲಸವಿಲ್ಲ. ವೇದಿಕೆಯ ಮೇಲಿನ ಕಲಾವಿದರಿಗೆ ಸಭೆಯ ದನಿ ಕೇಳಿಸುವುದಿಲ್ಲ. ಅವರ ಕಿವಿಯಾಗಿ ಯಾರಾದರೂ ಸಭೆಯಲ್ಲಿ ಇರಲೇಬೇಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ವರ್ಷಕ್ಕೆ ಒಂದೆರಡು ಬಾರಿಯಾದರೂ, ಐವತ್ತು ಅರುವತ್ತು ಜನ ನೆಲದ ಮೇಲೆ ಜಮಖಾನದಲ್ಲಿ ಕುಳಿತು ಕೇಳುವಂಥ ಮೈಕಿಲ್ಲದ ಬೈಠಕ್ಕನ್ನು ಸಂಘಗಳು ಏರ್ಪಡಿಸಲಿ. ಚಳಿಗಾಲದ ಭಾನುವಾರದ ಬೆಳಗ್ಗೆ, ಫ್ಯಾನು ಕೂಲರುಗಳ ಕಾಟವಿಲ್ಲದ ಡಿಸೆಂಬರು ಜನವರಿಯಲ್ಲಿ, ಇದಕ್ಕೆ ಒಂದು ಗ್ರಂಥಾಲಯದ ಕೋಣೆ ಸಾಕು. ಖರ್ಚೂ ಕಡಿಮೆ. ಮಕ್ಕಳನ್ನು ಕಡ್ಡಾಯವಾಗಿ ಮುಂದೆ ಕೂರಿಸಬೇಕು. ಮೊದಲ ಹತ್ತು ನಿಮಿಷ ಸದ್ದು ಸಾಲದೆನಿಸುವುದು ಸಹಜ. ಡಬ್ಬಿಗೆ ಒಗ್ಗಿದ ಕಿವಿಗೆ ಮರಕ್ಕೆ ಒಗ್ಗಲು ಅಷ್ಟು ಕಾಲ ಬೇಕು.

ಸಂದೇಹವಿದ್ದವರು ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಮುಂದಿನ ವೀಣಾ ಕಛೇರಿಗೆ ಅರ್ಧ ಗಂಟೆ ಮೊದಲೇ ಹೋಗಿ, ವಿದ್ವಾಂಸರ ಅಪ್ಪಣೆ ಪಡೆದು ವೇದಿಕೆಯ ಅಂಚಿನಲ್ಲಿ ಕುಳಿತುಕೊಳ್ಳಿ. ಬಿರಡೆ ತಿರುಗಿಸುತ್ತ ಅವರು ಶ್ರುತಿ ಮಾಡಿಕೊಳ್ಳುವಾಗ, ಪ್ಲಗ್ಗು ಸಿಕ್ಕಿಸುವುದಕ್ಕೆ ಮುನ್ನ, ಮಂದ್ರದ ತಂತಿಯನ್ನು ಒಂದು ಬಾರಿ ಮೀಟಿದಾಗ ಆ ದನಿ ಎಷ್ಟು ಹೊತ್ತು ನಿಂತು, ಹೇಗೆ ಕರಗಿತೆಂಬುದನ್ನು ಕೇಳಿ. ಆಮೇಲೆ ನಿಮ್ಮ ಆಸನಕ್ಕೆ ಹೋಗಿ, ಅದೇ ತಂತಿಯನ್ನು ಡಬ್ಬಿಯಲ್ಲಿ ಕೇಳಿ. ಎರಡೂ ಒಂದೇ ಎನಿಸಿದರೆ ಆ ಸಂಜೆಯ ಮಿಕ್ಸರಿನ ಹುಡುಗನನ್ನು ವಿದ್ವಾಂಸರ ಜೊತೆಗೇ ಕರೆದು ಹಾರ ಹಾಕಿ ಸನ್ಮಾನಿಸಬೇಕು. ಅವನು ಅದಕ್ಕೆ ಪೂರ್ಣ ಅರ್ಹ. ಬೇರೆ ಬೇರೆ ಎನಿಸಿದರೆ, ಮಂಗಳ ಮುಗಿದ ಮೇಲೆ ಕಾರ್ಯದರ್ಶಿಗಳನ್ನು ಕಂಡು ಒಂದು ಮಾತು ಹೇಳಿ. ಊಟದ ವ್ಯವಸ್ಥೆಯ ಬಗ್ಗೆ ಎಷ್ಟು ಧಾರಾಳವಾಗಿ ದೂರು ಹೇಳುತ್ತೇವೆಯೋ, ಅದರ ಕಾಲುಭಾಗವನ್ನಾದರೂ ನಾದದ ವ್ಯವಸ್ಥೆಗೆ ಮೀಸಲಿಟ್ಟರೆ ನಮ್ಮ ಸಂಘಗಳ ಕಛೇರಿಗಳು ಸುಧಾರಿಸುವುದಕ್ಕೆ ಹೆಚ್ಚು ಕಾಲ ಬೇಕಾಗದು.